ಗಂಡಭೇರುಂಡದ ಇನ್ನೊಂದು ತಲೆ

ಮೂಡಲಪಾಳ್ಯದ ಅಕ್ಕಯ್ಯಮ್ಮನ ಮನೆಗೆ ಬಂದವರು ನಡುಮನೆಯ ಮೂಲೆಗೆ ತಿರುಗಿ ಕೈಮುಗಿದರೆ, ಅದು ದೇವರಿಗೋ ಜಾಡಿಗೋ ಎಂದು ಹೇಳುವುದು ಕಷ್ಟವಾಗಿತ್ತು. ದೇವರ ಪಟ ಮೇಲೆ ಗೋಡೆಯಲ್ಲಿ ಹೊಗೆ ಕುಡಿದು ಕಪ್ಪಾಗಿತ್ತು. ಜಾಡಿ ಅದರ ಕೆಳಗೆ, ಸೊಂಟದೆತ್ತರ, ಮೈಗೆಲ್ಲ ಅರಿಸಿನ ಮೆತ್ತಿಸಿಕೊಂಡು, ಮದುವೆಮನೆಯಲ್ಲಿ ಉಪಚಾರ ಸಾಲದೆಂದು ಮುನಿಸಿಕೊಂಡ ಬೀಗಿತ್ತಿಯ ಹಾಗೆ ಹೊಟ್ಟೆ ಮುಂದೆ ಮಾಡಿ ಕೂತಿತ್ತು.

ಅದು ಅರಮನೆಯ ಜಾಡಿ. ಅಕ್ಕಯ್ಯಮ್ಮನ ಗಂಡನ ಮುತ್ತಾತ ಕೆಂಗೇರಿ ದಾರಿಯ ಕೆಸರಿನಲ್ಲಿ ಹೂತುಹೋಗಿದ್ದ ಅರಮನೆಯ ಸಾರೋಟಿಗೆ ತನ್ನ ಎತ್ತು ಕಟ್ಟಿ ಎಳೆದು ದಡ ಹತ್ತಿಸಿದನಂತೆ. ಒಳಗೆ ಕೂತಿದ್ದವರು ಮೆಚ್ಚಿ ಈ ಜಾಡಿ ಕೊಟ್ಟರಂತೆ. ಅರಮನೆಯವರು ಸಾರೋಟಿನಲ್ಲಿ ಉಪ್ಪಿನಕಾಯಿ ಜಾಡಿ ಇಟ್ಟುಕೊಂಡು ಯಾಕೆ ತಿರುಗುತ್ತಿದ್ದರು ಎಂದು ಊರಲ್ಲಿ ಯಾರೂ ಕೇಳಿರಲಿಲ್ಲ. ಕೇಳುವಂಥ ಧೈರ್ಯವಿದ್ದವರು ಅಕ್ಕಯ್ಯಮ್ಮನ ಮನೆಯಲ್ಲಿ ಉಣ್ಣುತ್ತಿರಲಿಲ್ಲ.

ಜಾಡಿಯ ಹೊಟ್ಟೆಯ ಮೇಲೆ ಒಂದು ಪ್ರಾಣಿ ಉಬ್ಬಿಕೊಂಡಿತ್ತು. ಮೈತುಂಬ ಚಿಪ್ಪು, ಕಾಲಿಗೆ ಉಗುರು, ಮುಖಕ್ಕೆ ಮೀಸೆ. ಅದು ಮೈಸೂರು ಅರಮನೆಯ ಗಂಡಭೇರುಂಡವೆಂದು ಅಕ್ಕಯ್ಯಮ್ಮನಿಗೆ ಖಾತ್ರಿಯಾಗಿತ್ತು. ಗಂಡಭೇರುಂಡಕ್ಕೆ ಎರಡು ತಲೆ ಇರಬೇಕಲ್ಲವೇ ಎಂದು ಯಾವಳಾದರೂ ಹೊಸ ಸೊಸೆ ಬಾಯಿ ತಪ್ಪಿ ಅಂದರೆ, "ಇನ್ನೊಂದು ತಲೆ ಗೋಡೆ ಕಡೀಕೈತೆ" ಎನ್ನುತ್ತಿದ್ದಳು. ಜಾಡಿಯನ್ನು ತಿರುಗಿಸಿ ನೋಡುವ ಹಾಗಿರಲಿಲ್ಲ. ಅದನ್ನು ಸರಿಸಬಾರದು ಎಂದು ಅವಳ ಅತ್ತೆ ಚಿಕ್ಕಗಂಗಮ್ಮ ಹೇಳಿ ಸತ್ತಿದ್ದಳು.

ಯುಗಾದಿ ಕಳೆದು ಮಾವು ಬಲಿತಾಗ ವರ್ಷಕ್ಕಾಗುವಷ್ಟು ಉಪ್ಪಿನಕಾಯಿ ಆ ಜಾಡಿಗೆ ಬೀಳುತ್ತಿತ್ತು. ಗಂಡಭೇರುಂಡದ ಕುತ್ತಿಗೆ ದಾಟಿ ತುಂಬಬಾರದು. ಅದೂ ಅತ್ತೆಯ ಕಾಲದ ಕಟ್ಟಳೆ. ಹಕ್ಕಿಯ ಕುತ್ತಿಗೆ ಮುಳುಗಿದರೆ ಮನೆಯ ಉಸಿರು ಕಟ್ಟುತ್ತದಂತೆ. ತುಂಬಿದ ಮೇಲೆ ಅಕ್ಕಯ್ಯಮ್ಮನದು ಬಿಟ್ಟರೆ ಬೇರೆ ಕೈ ಅದರೊಳಗೆ ಇಳಿಯುವಂತಿಲ್ಲ. ಊಟದ ಹೊತ್ತಿಗೆ ಅವಳು ಕುಕ್ಕರಗಾಲಲ್ಲಿ ಕೂತು, ಮೊಣಕೈವರೆಗೆ ಕೈ ಇಳಿಸಿ ಹೋಳು ಎತ್ತುವಳು. ಸೊಸೆಯರ ಗಂಗಳಕ್ಕೆ ಬೀಳುವ ಹೋಳು ನೋಡಿ ಮನೆಯ ಆ ದಿನದ ಹವೆ ತಿಳಿಯಬಹುದಿತ್ತು. ತಿರುಳು ಬಿದ್ದರೆ ಬಿಸಿಲು. ಬರೀ ಗೊರಟಿನ ವಾಟೆ ಬಿದ್ದರೆ ಮೋಡ. ಕಿರಿಯ ಸೊಸೆ ಲಕ್ಷ್ಮಿದೇವಮ್ಮನಿಗೆ ಮದುವೆಯಾಗಿ ಬಂದಾಗಿನಿಂದ ಮೋಡವೇ ಹೆಚ್ಚು. ಅವಳು ವಾಟೆಯನ್ನು ಸದ್ದಿಲ್ಲದೆ ಚೀಪಿ ಗಂಗಳದ ಅಂಚಿಗಿಟ್ಟು ಎದ್ದುಹೋಗುತ್ತಿದ್ದಳು.

ಇಷ್ಟೇ ಆಗಿದ್ದರೆ ಅದು ಉಪ್ಪಿನಕಾಯಿಯ ವಿಷಯವಾಗಿ ಉಳಿಯುತ್ತಿತ್ತು. ಆದರೆ ಜಾಡಿಯ ಮೇಲೆ ಇನ್ನೊಂದು ಕಟ್ಟಳೆ ಕೂತಿತ್ತು. ಗಂಡ ಸತ್ತ ವರ್ಷ ಮೈದುನ ಅಂಜಿನಯ್ಯ ಪಾಲು ಕೇಳಿದ. ಅರಳೀಕಟ್ಟೆಯ ಮೇಲೆ ನ್ಯಾಯ ಸೇರಿತು. ಅಕ್ಕಯ್ಯಮ್ಮನ ಹತ್ತಿರ ಹೇಳಲು ನ್ಯಾಯವಾದ ಮಾತು ಒಂದೂ ಇರಲಿಲ್ಲ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ನಿಂತು, "ಜಾಡಿ ಒಂದಿರೋಗಂಟ ಒಲೆ ಒಂದೇ ಇರಬೇಕು ಅಂತ ನಮ್ಮತ್ತೆ ನನ್ನ ಕೈ ಹಿಡಕಂಡು ಯೋಳಿ ಪ್ರಾಣ ಬಿಟ್ರು" ಎಂದಳು. ಸತ್ತ ತಾಯಿಯ ಮಾತಿಗೆ ಅಂಜಿನಯ್ಯ ಏನು ತಾನೆ ಎದುರಾಡಿಯಾನು? ದನ ಹೊಡೆದುಕೊಂಡು ಹೆಂಡತಿಯ ತವರಿಗೆ ಹೋದ. ಚಿಕ್ಕಗಂಗಮ್ಮ ನಿಜವಾಗಿ ಆಡಿದ್ದು ಎರಡೇ ಶಬ್ದ: "ಜಾಡಿ ಸರಿಸಬೇಡ." ಮಿಕ್ಕಿದ್ದೆಲ್ಲ ಅರಳೀಕಟ್ಟೆಯ ನೆರಳಲ್ಲಿ ಹುಟ್ಟಿದ್ದು. ಹೇಳಿ ಹೇಳಿ ಈಗ ಅಕ್ಕಯ್ಯಮ್ಮನಿಗೂ ಅದು ಅತ್ತೆಯ ದನಿಯಲ್ಲೇ ಕೇಳಿಸುತ್ತಿತ್ತು.

ಈಗ ಪಾಲು ಕೇಳುತ್ತಿದ್ದವನು ಮೈದುನನಲ್ಲ, ಕಿರಿಯ ಮಗ ಮುನಿರಾಜು. ರಾಜಾಜಿನಗರದಲ್ಲಿ ಹೊಸದಾಗಿ ಎದ್ದ ಒಂದು ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಮುಂಜಾನೆ ಸೈಕಲ್ ತುಳಿದುಕೊಂಡು ಹೋದರೆ ಮಾಗಡಿ ರಸ್ತೆಯ ಧೂಳನ್ನೆಲ್ಲ ಹುಬ್ಬಿನ ಮೇಲೆ ಹೊತ್ತು ಬರುತ್ತಿದ್ದ. ಕಾರ್ಖಾನೆಯ ಪಕ್ಕದಲ್ಲೇ ಬಾಡಿಗೆ ಮನೆ ಮಾಡುತ್ತೇನೆ ಎಂಬುದು ಅವನ ಹಟ. ಅವನು ಬಾಯಿ ತೆರೆದಾಗಲೆಲ್ಲ ಅಕ್ಕಯ್ಯಮ್ಮ ಮೂಲೆಯ ಕಡೆ ಗದ್ದ ತೋರಿಸುವಳು. ಅಷ್ಟೇ ಸಾಕಿತ್ತು. ಮಗನನ್ನು ಕಟ್ಟಿಹಾಕಲು ಅವಳ ಹತ್ತಿರ ಬೇರೆ ಹಗ್ಗವಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಹಿರಿಯ ಮಗ ತಿಮ್ಮಯ್ಯ ರಾಜಾಜಿನಗರದ ಹೊಸ ಮನೆಗಳಿಗೆ ಹಾಲು ಹಾಕುತ್ತಿದ್ದ. ಅಲ್ಲೊಬ್ಬ ಅಧಿಕಾರಿಯ ಹೆಂಡತಿ ಜಗದಾಂಬಾ ಎಂಬಾಕೆ ಹಳೆಯ ವಸ್ತುಗಳನ್ನು ಕೂಡಿಹಾಕುತ್ತಿದ್ದರು. ಹಾಲು ಅಳೆಯುತ್ತ ತಿಮ್ಮಯ್ಯ ಅರಮನೆ ಜಾಡಿಯ ಮಾತೆತ್ತಿದ. ಒಂದು ಭಾನುವಾರ ಆಕೆ ಜಟಕಾ ಮಾಡಿಕೊಂಡು ಮೂಡಲಪಾಳ್ಯಕ್ಕೇ ಬಂದರು. ಸಗಣಿ ತಪ್ಪಿಸಿಕೊಂಡು ಸೀರೆ ಎತ್ತಿ ನಡುಮನೆಗೆ ಬಂದು, ಕತ್ತಲಿಗೆ ಕಣ್ಣು ಕಿರಿದು ಮಾಡಿ ನಿಂತರು.

"ಏನೂ ಕಾಣಿಸ್ತಿಲ್ಲವಲ್ಲಮ್ಮ. ಹೊರಗೆ ಬೆಳಕಿಗೆ ತರಿಸ್ತೀರಾ? ನಿಜವಾಗಲೂ ಅರಮನೇದಾದರೆ ನಮ್ಮೆಜಮಾನರ ಕೈಲಿ ಪತ್ರಿಕೆಗೆ ಬರೆಸ್ತೀನಿ."

ಅತ್ತೆಯ ಮಾತು ಅಕ್ಕಯ್ಯಮ್ಮನ ನೆನಪಿಗೆ ಬರಲಿಲ್ಲವೆಂದಲ್ಲ. ಆದರೆ ಬೇಲಿಯಾಚೆ ನೆರೆಯ ಹೆಂಗಸರು ಕತ್ತು ಉದ್ದ ಮಾಡಿ ನಿಂತಿದ್ದರು. ಪತ್ರಿಕೆ ಎಂಬ ಮಾತು ಅವರ ಕಿವಿಗೂ ಬಿದ್ದಿತ್ತು.

"ತಿಮ್ಮ, ಮುನಿ, ಎತ್ರಲಾ" ಎಂದಳು.

ಹಿರಿಯ ಸೊಸೆ ಮುನಿತಾಯಮ್ಮ ಮೆಲ್ಲಗೆ, "ಅತ್ತೆ, ಕಾಯಿನ ಬೇರೆ ಪಾತ್ರೆಗೆ ತಗುದ್ರೆ ಅಗುರಾಯ್ತದೆ" ಎಂದಳು.

"ಯಾರು ತಗೆಯೋರು? ನೀನಾ?"

ಮುನಿತಾಯಮ್ಮ ಹಿಂದೆ ಸರಿದಳು. ಅಕ್ಕಯ್ಯಮ್ಮ ತಾನೇ ತೆಗೆಯಬಹುದಿತ್ತು. ಆದರೆ ಪೇಟೆಯಿಂದ ಬಂದವರ ಮುಂದೆ ಮೊಣಕೈತನಕ ಖಾರ ಮೆತ್ತಿಕೊಂಡು ಕೂರುವುದು ಅರಮನೆಯ ಎತ್ತರದಲ್ಲಿದ್ದ ಅವಳಿಗೆ ಆ ಹೊತ್ತಿಗೆ ಒಗ್ಗಲಿಲ್ಲ. ಬೇರೆ ಕೈ ಇಳಿಯುವಂತಿಲ್ಲ, ತನ್ನ ಕೈ ಇಳಿಯಲು ಮನಸ್ಸಿಲ್ಲ. ಹೀಗಾಗಿ ಜಾಡಿ ತುಂಬಿದ ಬಸುರಿಯಂತೆಯೇ ಹೊರಟಿತು. ಅಣ್ಣತಮ್ಮಂದಿರು ಅದನ್ನು ತಬ್ಬಿಕೊಂಡು ಅಡ್ಡಡ್ಡ ಹೆಜ್ಜೆ ಹಾಕುತ್ತ ಬಾಗಿಲವರೆಗೆ ತಂದರು. ಅಷ್ಟು ವರ್ಷದ ಅರಿಸಿನ, ಎಣ್ಣೆಯ ಜಿಡ್ಡು ತಿಮ್ಮಯ್ಯನ ಅಂಗೈಯಲ್ಲಿ ಜಾರಿತು. ಜಾಡಿ ಹೊಸಿಲ ಮೇಲೆ ಕುಕ್ಕರಿಸಿತು. ದೊಡ್ಡ ಸದ್ದೇನೂ ಆಗಲಿಲ್ಲ. ಯಾರೋ ಬೇಸರದಿಂದ ನಾಲಗೆ ಲೊಚಗುಟ್ಟಿದ ಹಾಗೆ ಕೇಳಿಸಿತು. ಆಮೇಲೆ ಕೆಂಪೆಣ್ಣೆ ಜಗಲಿಯ ಮೇಲೆ ಹರಿದು, ಜಗದಾಂಬಾ ಅವರ ಚಪ್ಪಲಿಯನ್ನು ಮುಟ್ಟಿ ನಿಂತಿತು.

ಪಕ್ಕೆಯಿಂದ ಮೊರದಗಲದ ಒಂದು ಚೂರು ಹಾರಿಹೋಗಿತ್ತು. ಮಿಕ್ಕ ಜಾಡಿ ಮಗ್ಗುಲಾಗಿ ಬಿದ್ದು, ಮೊದಲ ಸಲ ಬಿಸಿಲಿಗೆ ಬೆನ್ನು ತೋರಿಸಿತು. ಅಲ್ಲಿ ತಲೆ ಇರಲಿಲ್ಲ. ಒಂದು ಉದ್ದನೆಯ ಬಾಲವಿತ್ತು.

"ಅಯ್ಯೋ ಪಾಪ" ಎಂದರು ಜಗದಾಂಬಾ, ಚಪ್ಪಲಿಯನ್ನು ಹುಲ್ಲಿಗೆ ಒರೆಸುತ್ತ. "ಇದು ಚೀನಾದವರ ಪ್ರಾಣಿ ಅಲ್ವೇ. ಇರಲಿ. ಒಡೆದ ಮೇಲೆ ಇಂಥದ್ದನ್ನ ಯಾರೂ ಕೇಳೋದಿಲ್ಲ. ಮಣ್ಣು ತುಂಬಿ ತುಳಸಿ ನೆಡಿ, ಚೆನ್ನಾಗಿರುತ್ತೆ."

ಜಟಕಾ ಹೋಯಿತು. ಪಲ್ಲಕ್ಕಿಯಿಂದ ಇಳಿಸಿದ ದೇವರಂತೆ ಜಾಡಿಯನ್ನು ಜಗಲಿಯ ಗೋಡೆಗೆ ಒರಗಿಸಿದರು. ಸಂಜೆಯ ಹೊತ್ತಿಗೆ ಊರಿಗೆ ಊರೇ ಬಂದು ನೋಡಿಕೊಂಡು ಹೋಯಿತು. ಬಂದವರು ಬಾಯಲ್ಲಿ ಅಯ್ಯೋ ಅಂದರೂ ಮೂಗು ಅರಳಿಸಿ ಉಪ್ಪಿನಕಾಯಿಯ ವಾಸನೆ ಎಳೆದುಕೊಳ್ಳುತ್ತಿದ್ದರು.

"ಅಮ್ಮ, ಜಾಡಿ ಹೋಯ್ತಲ್ಲ" ಎಂದ ಮುನಿರಾಜು. ದನಿಯಲ್ಲಿದ್ದ ದುಃಖವನ್ನು ಹುಡುಕಬೇಕಾಗಿತ್ತು.

"ಓಗಿಲ್ಲ. ಒಡದೈತೆ."

"ಒಡೆದದ್ದು ಮನೇಲಿರಬಾರದು ಅಂತ ನೀನೇ ಅಂತಿದ್ದೆ. ಮಡಕೆ ಸೀಳಿದ್ರೆ ತಿಪ್ಪೆಗೆ ಎಸೀತಿದ್ದೆ."

"ಮಡಕೆ ಬ್ಯಾರೆ. ಇದು ಅರಮನೇದು."

"ಅರಮನೆಗೂ ತಿಪ್ಪೆ ಇರ್ತದಮ್ಮ."

ತಿಮ್ಮಯ್ಯ ಅವ್ವನ ಮಾತಿಗೂ ತಲೆಯಾಡಿಸಿದ, ತಮ್ಮನ ಮಾತಿಗೂ ತಲೆಯಾಡಿಸಿದ. ಮುನಿತಾಯಮ್ಮ ಮಾತ್ರ ಎಂದೂ ಇಲ್ಲದ ಗಟ್ಟಿ ದನಿಯಲ್ಲಿ, "ಎಷ್ಟೇ ಕಷ್ಟ ಆಗ್ಲಿ, ಕೂಡಿಸ್ಲೇಬೇಕು" ಎಂದಳು. ಆ ಆತುರ ನೋಡಿ ಅಕ್ಕಯ್ಯಮ್ಮನಿಗೆ ಸಂತೋಷವಾಗಲಿಲ್ಲ. ತಾನು ಕಣ್ಣು ಮುಚ್ಚಿದ ಮಾರನೆಯ ದಿನ ಜಾಡಿಯೊಳಗೆ ಇಳಿಯುವ ಕೈ ಅದು. ಮದುವೆಯಾಗಿ ಬಂದ ದಿನದಿಂದ ಬಳೆ ಹಿಂದೆ ಸರಿಸಿಕೊಂಡು ಕಾಯುತ್ತಿದೆ. ಲಕ್ಷ್ಮಿದೇವಮ್ಮ ಮಣ್ಣಾಗದ ಹೋಳುಗಳನ್ನು ಆರಿಸಿ ಅಲ್ಯುಮಿನಿಯಂ ಪಾತ್ರೆಗೆ ತುಂಬುತ್ತಿದ್ದಳು. ಅವಳ ಕೈ ಉಪ್ಪಿನಕಾಯಿಯೊಳಗೆ ಇಳಿದದ್ದು ಯಾರ ಗಮನಕ್ಕೂ ಬರಲಿಲ್ಲ.

ತಿಮ್ಮಯ್ಯ ವಿಚಾರಿಸಿ, ಹಿಂದೆ ಬ್ರಿಟಿಷರ ಪಾಳೆಯವಿದ್ದ ದಂಡಿನ ಕಡೆಯಿಂದ ಬುಡೇನ್ ಸಾಬಿಯನ್ನು ಕರೆತಂದ. ಒಡೆದ ಪಿಂಗಾಣಿಗೆ ತೂತು ಕೊರೆದು, ಹಿತ್ತಾಳೆ ತಂತಿಯ ಕೊಂಡಿ ಹಾಕಿ ಕೂಡಿಸುವುದು ಅವನ ಕಸುಬು. ಜಂಬದಲ್ಲಿ ಅವನೂ ಅಕ್ಕಯ್ಯಮ್ಮನಿಗೆ ಕಡಿಮೆಯವನಲ್ಲ. ದೊರೆಸಾನಿಯರ ಟೀ ಬಟ್ಟಲುಗಳೆಲ್ಲ ತನ್ನ ಕೈಯಲ್ಲಿ ಎರಡನೇ ಜನ್ಮ ಪಡೆದವು ಎನ್ನುತ್ತಿದ್ದ. ದೊರೆಗಳು ಹಡಗು ಹತ್ತಿ ಹೋದಮೇಲೆ ಬೆಂಗಳೂರಿನಲ್ಲಿ ಮರ್ಯಾದೆಯಾಗಿ ಪಿಂಗಾಣಿ ಒಡೆಯುವವರೇ ಇಲ್ಲವೆಂದು ಕೊರಗಿದ. ಮಜ್ಜಿಗೆ ಕೇಳಿ ಕುಡಿದ, ಉಪ್ಪು ಸಾಲದೆಂದ. ಆಮೇಲೆ ಗಂಡಸರನ್ನು ದೂರ ಕಳಿಸಿ, "ಯಾರಾದ್ರೂ ಹೆಣ್ಮಕ್ಳು ಹಿಡ್ಕೊಳ್ಳಿ, ಅಲ್ಲಾಡಬಾರ್ದು" ಎಂದ. ಲಕ್ಷ್ಮಿದೇವಮ್ಮ ಬಂದು ಜಾಡಿಯನ್ನು ಹಿಡಿದು ಕೂತಳು. ಅಕ್ಕಯ್ಯಮ್ಮ ಎದುರಿಗೆ ಕೂತಳು.

ಬುಡೇನ್ ಸಾಬಿ ಬೆರಳ ಗೆಣ್ಣಿನಿಂದ ಜಾಡಿಯನ್ನು ಸುತ್ತಲೂ ತಟ್ಟಿದ. ಒಂದು ಕಡೆ ದನಿ ಮಂಕಾಯಿತು. ಗೋಡೆ ಕಡೆಯ ಹೆಗಲಿನ ಅರಿಸಿನವನ್ನು ಉಗುರಿನಿಂದ ಕೆರೆದ.

"ಅಮ್ಮಾ, ಇದು ಎರಡನೇ ಸಲ ಒಡೆದಿರೋದು."

ಅಕ್ಕಯ್ಯಮ್ಮ ಮುಖ ಗಂಟಿಕ್ಕಿದಳು. "ನಮ್ಮನೇಲಿ ಇದನ್ನ ಯಾರೂ ಒಡದಿಲ್ಲ."

"ಒಡೆದವ್ರು ಹೇಳಿಲ್ಲ ಅನ್ನಿ. ಇಲ್ನೋಡಿ, ಸುಣ್ಣ, ಬೆಲ್ಲ, ಕೋಳಿಮೊಟ್ಟೆ ಬಿಳಿ. ಕಸುಬಿನವ್ರ ಕೆಲಸ ಅಲ್ಲ, ಹೆಂಗಸ್ರ ಕೈ. ಹೆಬ್ಬೆಟ್ಟು ಹಂಗೇ ಮೂಡೈತೆ." ಅವನು ಪ್ರಾಣಿಯ ಕುತ್ತಿಗೆಯ ಮಟ್ಟದಲ್ಲಿ ಬೆರಳಿನಿಂದ ಒಂದು ಗೆರೆ ಎಳೆದ. "ಒಡಕು ಇದಕ್ಕಿಂತ ಮೇಲೈತೆ. ಅಲ್ಲಿಗಂಟ ಹುಳಿ ತುಂಬಿದ್ರೆ ಸುಣ್ಣ ತಿಂದುಹಾಕ್ತಿತ್ತು. ನೀವು ಇದರ ಕೆಳಗೇ ನಿಲ್ಲಿಸ್ತಿದ್ರಾ?"

ಹಕ್ಕಿಯ ಕುತ್ತಿಗೆ ಮುಳುಗಿದರೆ ಮನೆಯ ಉಸಿರು ಕಟ್ಟುತ್ತದೆ ಎಂದು ತಾನು ಇಬ್ಬರು ಸೊಸೆಯರಿಗೂ ಕಣ್ಣು ದೊಡ್ಡದು ಮಾಡಿ ಹೇಳಿಕೊಟ್ಟದ್ದು ಅಕ್ಕಯ್ಯಮ್ಮನಿಗೆ ನೆನಪಾಯಿತು.

"ಅರಮನೇದು ಅಂತೀರ" ಎಂದು ಅವನು ಮುಂದುವರಿಸಿದ, "ದಂಡಲ್ಲಿ ಇಂಥವು ಬೇಕಾದಷ್ಟಿದ್ವು. ಹಡಗಲ್ಲಿ ಉಪ್ಪುಮೀನು ತುಂಬ್ಕೊಂಡು ಬರೋವು. ಖಾಲಿ ಆದ್ಮೇಲೆ ಹರಾಜು ಹಾಕೋರು."

"ಅರಮನೆಯೋರೂ ಮೀನು ತಿಂತಾರೆ" ಎಂದಳು ಅಕ್ಕಯ್ಯಮ್ಮ. "ನೀನು ಕೈಕೆಲ್ಸದ ಮಾತು ಆಡು. ಕೂಡ್ತದಾ ಇಲ್ವಾ?"

"ಕೂಡಿಸ್ತೀನಿ. ನಾನು ಕೂಡಿಸಿದ್ದು ನಾನು ಸತ್ತಮೇಲೂ ನಿಂತಿರ್ತದೆ. ಆದ್ರೆ ಹುಳಿ ಹಾಕಂಗಿಲ್ಲ, ನೀರು ಹಾಕಂಗಿಲ್ಲ. ಒಂದು ಸಲ ಇಟ್ಟ ಮೇಲೆ ಸರಿಸಂಗಿಲ್ಲ. ನೋಡೋಕೆ ಜಾಡಿ, ಅಷ್ಟೇ. ಮಾಡೋದಾ ಬ್ಯಾಡ್ವಾ, ನೀವೇ ಹೇಳಿ." ಅವನು ಬೀಡಿ ಹಚ್ಚಿಕೊಳ್ಳಲು ಹುಣಸೆಮರದ ಕಡೆ ಹೋದ.

ಸರಿಸಂಗಿಲ್ಲ. ಅಕ್ಕಯ್ಯಮ್ಮ ಸುಣ್ಣದಲ್ಲಿ ಮೂಡಿದ್ದ ಹೆಬ್ಬೆಟ್ಟನ್ನು ನೋಡುತ್ತ ಕೂತಳು. ಗಿಡ್ಡ ಬೆರಳು, ಅಗಲದ ಉಗುರು. ಆ ಬೆರಳು ತನ್ನ ಕೆನ್ನೆಗೆ ತಿವಿಯುತ್ತಿದ್ದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಕೊನೆಯ ದಿನ ಚಿಕ್ಕಗಂಗಮ್ಮ ಬಾಯಿ ಒಣಗಿ, ಕಣ್ಣು ಮಾತ್ರ ಮೂಲೆಯ ಕಡೆ ನೆಟ್ಟು, "ಜಾಡಿ ಸರಿಸಬೇಡ" ಎಂದಿದ್ದಳು. ಅದರಲ್ಲಿ ಆಶೀರ್ವಾದವಿದೆ, ವಂಶದ ಗುಟ್ಟಿದೆ ಎಂದು ಸೊಸೆ ನಂಬಿದ್ದಳು. ಆ ಹೆಂಗಸು ಸಾಯುವಾಗಲೂ ಹೆದರಿಕೊಂಡಿದ್ದಳು, ಅಷ್ಟೇ. ಬಿಸಿಲಿಗೆ ಬೆನ್ನು ಕಂಡರೆ ತನ್ನ ಹೆಬ್ಬೆಟ್ಟು ಸಿಕ್ಕಿಬೀಳುತ್ತದೆಂದು ಹೆದರಿದ್ದಳು. ಎಲ್ಲರನ್ನೂ ಹೆದರಿಸಿಕೊಂಡು ಬದುಕಿದವಳು ಒಂದು ಉಪ್ಪಿನಕಾಯಿ ಜಾಡಿಗೆ ಹೆದರಿದ್ದಳು. ಅಕ್ಕಯ್ಯಮ್ಮನಿಗೆ ನಗು ಬಂತು. ಅದು ಗಂಟಲ ತನಕ ಬಂದು, ಅಲ್ಲಿ ತನ್ನದೇ ಮುಖ ಕಂಡು, ಹಿಂದಕ್ಕೆ ಹೋಯಿತು.

ಜಾಡಿಯನ್ನು ಎಸೆದರೆ ಮುನಿರಾಜು ನಾಳೆಯೇ ಹೊರಡುತ್ತಾನೆ. ಕೂಡಿಸಿದರೆ ಜಾಡಿ ನಿಲ್ಲುತ್ತದೆ, ಮಗ ನಿಲ್ಲುತ್ತಾನೆ. ಉಪ್ಪಿನಕಾಯಿ ಬೇರೆ ಕಡೆ ಹಾಕಿದರಾಯಿತು. ಅದಕ್ಕೊಂದು ಹೊಸ ಕಟ್ಟಳೆ ಹುಟ್ಟಿಸುವುದು ಅವಳಿಗೆ ಕಷ್ಟವಲ್ಲ. ಆದರೆ ಎದುರಿಗೆ ಎಲ್ಲ ಕೇಳಿಸಿಕೊಂಡ ಕಿರಿಯ ಸೊಸೆ ಕೂತಿದ್ದಳು. ಅವಳ ಎರಡೂ ಕೈ ಇನ್ನೂ ಜಾಡಿಯ ಮೇಲಿದ್ದವು.

"ಅತ್ತೆ, ಕೂಡಿಸಿಬಿಡಿ" ಎಂದಳು ಲಕ್ಷ್ಮಿದೇವಮ್ಮ.

ಅಕ್ಕಯ್ಯಮ್ಮ ಬೆಚ್ಚಿದಳು. "ನೀನಾ ಅನ್ನೋದು?"

"ನಾನೇ. ಒಡೆದ ಜಾಡಿ ಬುಟ್ಟು ನಾವು ಓದ್ರೆ ಊರೋರು ಏನಂತಾರೆ? ಕಿರಿ ಸೊಸೆ ಕಾಲ್ಗುಣ, ಜಾಡಿ ಒಡೀತು, ಮನೆ ಒಡೀತು ಅಂತಾರೆ. ನನ್ನ ಮಕ್ಳು ಮದುವೆಗೆ ಬರೋ ಒತ್ತಿಗೂ ಅದೇ ಮಾತು ಇರ್ತದೆ. ಜಾಡಿ ಗಟ್ಟಿಯಾಗಿ ಕೂತಿರ್ಲಿ. ನೀವೇ ನಮ್ಮನ್ನ ಕಳಿಸ್ಕೊಡಿ."

"ನಾನ್ಯಾಕೆ ಕಳಿಸ್ಲವ್ವಾ? ಜಾಡಿ ಒಂದಿರೋಗಂಟ..."

ಲಕ್ಷ್ಮಿದೇವಮ್ಮ ಹೆಬ್ಬೆಟ್ಟಿನ ಗುರುತಿನ ಮೇಲೆ ಅಂಟಿದ್ದ ಅರಿಸಿನದ ಪುಡಿಯನ್ನು ಮೆಲ್ಲಗೆ ಊದಿದಳು. "ನಿಮ್ಮತ್ತೆ ಇನ್ನೇನಾರ ಯೋಳಿದ್ರಾ, ನೆನಪು ಮಾಡ್ಕಳಿ. ನೀವು ನೆನಪು ಮಾಡ್ಕಂಡ್ರೆ ನಾನು ಇವತ್ತು ಕೇಳಿದ್ದೆಲ್ಲ ಮರ್ತೋಯ್ತೀನಿ."

ಅದುವರೆಗೆ ವಾಟೆ ಚೀಪಿದ ಸದ್ದೂ ಕೇಳಿಸದಂತೆ ಉಂಡವಳು. ಅಕ್ಕಯ್ಯಮ್ಮ ಅವಳನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಅರಳೀಕಟ್ಟೆಯ ಮೇಲೆ ಸೆರಗು ಬಾಯಿಗೊತ್ತಿ ನಿಂತಿದ್ದ ಒಬ್ಬ ವಿಧವೆಯ ನೆನಪಾಯಿತು. ತನ್ನ ವಿದ್ಯೆ ಹಿರಿಯ ಸೊಸೆಗೆ ಹೋಗುತ್ತದೆಂದು ಅವಳು ಎಣಿಸಿದ್ದಳು. ಅದು ತಪ್ಪಾದ ಗಂಗಳಕ್ಕೆ ಬಿದ್ದಿತ್ತು.

ಹುಣಸೆಮರದ ಕಡೆ ತಿರುಗಿ, "ಸಾಬ್ರೇ, ಬನ್ನಿ. ಕೂಡಿಸಿ" ಎಂದಳು.

ಬುಡೇನ್ ಸಾಬಿ ಬಿಲ್ಲಿನಂಥ ಬೈರಿಗೆ ಎಳೆಯುತ್ತ ಜಗಲಿಯ ಮೇಲೆ ಕೂತ. ಜಾಡಿಯ ಮೈಯಿಂದ ಜೀರುಂಡೆಯಂಥ ಸದ್ದು ಎದ್ದಿತು. ಹಿತ್ತಾಳೆಯ ಕೊಂಡಿಗಳು ಒಂದರ ಪಕ್ಕ ಒಂದು ಹಲ್ಲಿನಂತೆ ಕೂತವು. ಕೆಲಸ ಮುಗಿದಾಗ ಜಾಡಿಯನ್ನು ಮೂಲೆಗೆ ಒಯ್ದು, ಬೆನ್ನನ್ನು ಗೋಡೆಗೆ ಕೊಟ್ಟು ಇಟ್ಟರು. ಗೋಡೆಗೆ ತಿರುಗಿದ ಕೂಡಲೇ ಗಂಡಭೇರುಂಡಕ್ಕೆ ಇನ್ನೊಂದು ತಲೆ ಮರಳಿ ಬಂತು. ಬಿಸಿಲಲ್ಲಿ ಬಾಲ ನೋಡಿದ್ದ ನೆರೆಯವರೂ ಆ ಮಾತೆತ್ತಲಿಲ್ಲ; ಅವರ ಮನೆಗಳಲ್ಲೂ ಗೋಡೆಗಳಿದ್ದವು.

ಶುಕ್ರವಾರ ಪೂಜೆಗೆ ಊರಿನ ಹಿರಿಯರನ್ನು ಕರೆದಳು. ಆರತಿಯಾದ ಮೇಲೆ ಅಕ್ಕಯ್ಯಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು.

"ನಮ್ಮತ್ತೆ ಪ್ರಾಣ ಬುಡೋವಾಗ ಇನ್ನೊಂದು ಮಾತು ಆಡಿದ್ರು. ಆವತ್ತು ನಂಗೆ ಅದರ ಅರ್ಥ ಆಗಿರ್ಲಿಲ್ಲ. ಜಾಡಿಗೆ ಪೆಟ್ಟು ಬಿದ್ದು ಕೂಡಿದ ವರ್ಷ ಅದಕ್ಕೆ ಹುಳಿ ಬುಡಿಸಬೇಕು, ಒಬ್ಬ ಮಗನ ಒಲೆ ಊರಾಚೆ ಹತ್ತಬೇಕು ಅಂದಿದ್ರು. ಇಲ್ದಿದ್ರೆ ಮನೆಗೆ ಒಳ್ಳೇದಲ್ವಂತೆ."

"ಇಷ್ಟೆಲ್ಲ ಅಜ್ಜಿ ಒಂದೇ ಉಸಿರಲ್ಲಿ ಹೇಳ್ತಾ?" ಎಂದ ಮುನಿರಾಜು. ಲಕ್ಷ್ಮಿದೇವಮ್ಮ ಅವನ ಕಾಲು ತುಳಿದಳು.

ಹಿರಿಯರು ತಲೆಯಾಡಿಸಿದರು. ಹಳೆಯ ಕಾಲದವರಿಗೆ ಎಲ್ಲ ಮೊದಲೇ ಕಾಣುತ್ತಿತ್ತು ಎಂದರು. ಚಿಕ್ಕಗಂಗಮ್ಮ ಸತ್ತು ಮಣ್ಣಾಗಿ ಅಷ್ಟು ಕಾಲವಾದರೂ ಅವಳ ಕೊನೆಯ ಮಾತು ಮುಗಿದಿರಲಿಲ್ಲ. ಆ ವಾರವೇ ಮುನಿರಾಜುವಿನ ಪಾತ್ರೆ ಪಡಗ ಗಾಡಿ ಹತ್ತಿತು. ಲಕ್ಷ್ಮಿದೇವಮ್ಮ ಹೊರಡುವ ಮುನ್ನ ಜಾಡಿಗೆ ಕುಂಕುಮವಿಟ್ಟು, ಅತ್ತೆಯ ಕಾಲಿಗೆ ಬಿದ್ದು, ಊರಿಗೆಲ್ಲ ಕಾಣುವಂತೆ ಕಣ್ಣೊರೆಸಿಕೊಂಡಳು. ಅಂಥ ಸೊಸೆಯನ್ನು ಪಡೆಯಲು ಪುಣ್ಯ ಮಾಡಿರಬೇಕೆಂದು ಬೇಲಿಯಾಚೆಯ ಹೆಂಗಸರು ಮಾತಾಡಿಕೊಂಡರು.

ಮುಂದಿನ ಬೇಸಗೆಯಲ್ಲಿ ಅಕ್ಕಯ್ಯಮ್ಮ ಮಗನ ಮನೆ ನೋಡಲು ರಾಜಾಜಿನಗರಕ್ಕೆ ಹೋದಳು. ಅಡಿಗೆಮನೆಯ ಕಿಟಕಿಯಲ್ಲಿ ಪೇಟೆಯಿಂದ ತಂದ ಬಿಳಿಯ ಪುಟ್ಟ ಜಾಡಿ ಇತ್ತು. ಅದರ ಮೇಲೆ ಯಾವ ಪ್ರಾಣಿಯೂ ಇರಲಿಲ್ಲ. ಊಟಕ್ಕೆ ಕೂತಾಗ ಲಕ್ಷ್ಮಿದೇವಮ್ಮ ಮರದ ಸೌಟು ಇಳಿಸಿ ಅತ್ತೆಯ ತಟ್ಟೆಗೆ ಹೋಳು ಬಡಿಸಿದಳು. ದೊಡ್ಡ ಹೋಳು, ಬರೀ ತಿರುಳು. ವಾಟೆಯನ್ನಾದರೆ ಅಕ್ಕಯ್ಯಮ್ಮ ಅಂಚಿಗಿಟ್ಟು ಏಳಬಹುದಿತ್ತು. ಇದನ್ನು ನುಂಗಬೇಕಾಯಿತು. ಉಪ್ಪು ಕಡಿಮೆ ಎಂದು ಹೇಳಬೇಕೆನಿಸಿತು. ಉಪ್ಪು ಸರಿಯಾಗೇ ಇತ್ತು.

ಊರಿಗೆ ಮರಳಿದ ದಿನ ಮುನಿತಾಯಮ್ಮ ಬಳೆ ಹಿಂದೆ ಸರಿಸಿಕೊಂಡು ಜಾಡಿಯ ಮುಂದೆ ನಿಂತಿದ್ದಳು.

"ಅತ್ತೆ, ಖಾಲಿ ಕೂತೈತಲ್ಲ. ಒಣಮೆಣಸಿನಕಾಯಾದ್ರೂ ತುಂಬಿಡ್ಲಾ? ನಾನೇ ಕೈ ಇಳಿಸಿ ಒಳಗೆ ಒರೆಸ್ತೀನಿ. ಕೆಳಗೂ ಗುಡಿಸ್ಬೇಕು, ಒಸಿ ಪಕ್ಕಕ್ಕೆ..."

ಅಕ್ಕಯ್ಯಮ್ಮ ಬೊಗಸೆಯಲ್ಲಿ ಅರಿಸಿನ ಕಲಸಿಕೊಂಡು ಬಂದು ಕೊಂಡಿಗಳ ಮೇಲೆ ಬಳಿಯತೊಡಗಿದಳು. ಹಿತ್ತಾಳೆಯ ಹಲ್ಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಈ ಸೊಸೆಗೆ ಕೊಡಲು ತನ್ನ ಹತ್ತಿರ ಉಳಿದದ್ದೇನು ಎಂದು ಹುಡುಕಿದಳು. ಅತ್ತೆ ತನಗೆ ಕೊಟ್ಟದ್ದಷ್ಟೇ ಸಿಕ್ಕಿತು. ಈ ಸಲ ಅದಕ್ಕೆ ಏನನ್ನೂ ಸೇರಿಸಲಿಲ್ಲ.

"ಜಾಡಿ ಸರಿಸಬೇಡ" ಎಂದಳು.